‘ಅವೇಕನಿಂಗ್ಸ್’: ಹೇಳಿದ್ದು, ಹೇಳದೆ ಬಿಟ್ಟದ್ದು

ನರವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ಒಯ್ದ ಚಲನಚಿತ್ರಗಳಲ್ಲಿ ‘ಅವೇಕನಿಂಗ್ಸ್’ ಮುಖ್ಯವಾದುದು. 1990ರಲ್ಲಿ ಪೆನ್ನಿ ಮಾರ್ಷಲ್ ನಿರ್ದೇಶಿಸಿದ ಈ ಚಿತ್ರಕ್ಕೆ ನರವೈದ್ಯ ಆಲಿವರ್ ಸ್ಯಾಕ್ಸ್ 1973ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಪುಸ್ತಕವೇ ಆಧಾರ. ದಶಕಗಳ ಕಾಲ ಕಲ್ಲಿನಂತೆ ಕುಳಿತಿದ್ದ ರೋಗಿಗಳು ಒಂದು ಔಷಧಿಯಿಂದ ಎದ್ದು ನಡೆದು, ಮಾತನಾಡಿ, ನಕ್ಕು, ಕೆಲವೇ ದಿನಗಳಲ್ಲಿ ಮತ್ತೆ ಕಲ್ಲಾಗುವ ಕಥೆ ಅದು. ನೋಡಿದವರ ಕಣ್ಣು ಒದ್ದೆಯಾಗದೆ ಇರುವುದಿಲ್ಲ. ನರಕೋಶ, ಔಷಧಿ ಮತ್ತು ಚಲನೆಯ ಸಂಬಂಧವನ್ನು ಮನಗಾಣಿಸಲು ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲವೆಂದು ನಾನೂ ಬಹಳ ಕಾಲ ನಂಬಿದ್ದೆ. ಈಗ ಹಾಗೆ ಹೇಳಲಾರೆ. ಈ ಚಿತ್ರ ಒಂದು ತಪ್ಪು ಪಾಠವನ್ನೂ ಕಲಿಸುತ್ತದೆ. ಅದರ ಬೆಲೆಯನ್ನು ನಮ್ಮ ಮನೆಯವರೊಬ್ಬರು ತೆತ್ತಿದ್ದಾರೆ. ಮೊದಲು ವಿಜ್ಞಾನವನ್ನು ನೋಡೋಣ.

ತಂತಿಯೂ ಹೌದು, ತಂತಿಯಲ್ಲವೂ ಹೌದು

ನರವೆಂದರೆ ವಿದ್ಯುತ್ ತಂತಿ ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಈ ಹೋಲಿಕೆ ಅರ್ಧ ಸರಿ. ವಿಶ್ರಾಂತ ಸ್ಥಿತಿಯಲ್ಲಿರುವ ನರಕೋಶದ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವಿಭವಾಂತರವಿರುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಪೊರೆಯ ದಪ್ಪ ಏಳೆಂಟು ನ್ಯಾನೊಮೀಟರ್ ಮಾತ್ರ. ಭಾಗಾಕಾರ ಮಾಡಿ ನೋಡಿ: ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟ್‌ನ ವಿದ್ಯುತ್ ಕ್ಷೇತ್ರ! ಗಾಳಿಯಲ್ಲಿ ಕಿಡಿ ಹಾರಲು ಇದರ ಮೂರನೆಯ ಒಂದು ಭಾಗ ಸಾಕು. ಪ್ರಚೋದನೆ ಬಂದಾಗ ಪೊರೆಯಲ್ಲಿನ ದ್ವಾರಗಳು ತೆರೆದು ಸೋಡಿಯಮ್ ಅಯಾನುಗಳು ಒಳನುಗ್ಗುತ್ತವೆ, ಬಳಿಕ ಪೊಟ್ಯಾಸಿಯಮ್ ಅಯಾನುಗಳು ಹೊರಹೋಗುತ್ತವೆ. ಈ ಏರಿಳಿತವೇ ಅಲೆಯಾಗಿ ನರದುದ್ದಕ್ಕೂ ಸಾಗುತ್ತದೆ. ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದ ಮೇಲೆ ಪ್ರಯೋಗ ಮಾಡಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಇದರ ಸಮೀಕರಣಗಳನ್ನು ಕೊಟ್ಟರು. ಭೌತವಿಜ್ಞಾನಿಗೆ ಹೆಮ್ಮೆಯೆನಿಸುವ ಕೆಲಸ ಅದು.

ಆದರೆ ನರಕೋಶದ ತುದಿಯಲ್ಲಿ ತಂತಿ ಮುಗಿಯುತ್ತದೆ. ಮುಂದಿನ ನರಕೋಶಕ್ಕೂ ಅದಕ್ಕೂ ನಡುವೆ ಸುಮಾರು 20 ನ್ಯಾನೊಮೀಟರಿನ ಕಂದಕ. ಈ ಸಂಧಿಸ್ಥಾನವೇ ಸೈನಾಪ್ಸ್. ಕೆಲವು ಕಡೆ ವಿದ್ಯುತ್ತೇ ನೇರವಾಗಿ ದಾಟುವುದುಂಟು. ಹೆಚ್ಚಿನ ಕಡೆ ದಾಟುವುದು ರಾಸಾಯನಿಕ ಅಣುಗಳು. 1921ರಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತ ನಿಧಾನವಾಗುವಂತೆ ಮಾಡಿದರು. ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಸಂದೇಶ ದ್ರವದಲ್ಲಿತ್ತು!

ಪ್ರಕೃತಿ ಏಕೆ ಎರಡು ವಿಧಾನಗಳನ್ನು ಬಳಸುತ್ತದೆ? ಒಂದು ಸಣ್ಣ ಲೆಕ್ಕ ಇದನ್ನು ಬೆಳಗುತ್ತದೆ. ದ್ರವದಲ್ಲಿ ಅಣುಗಳು ವಿಸರಣೆಯಿಂದ ಸಾಗಲು ಬೇಕಾದ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 20 ನ್ಯಾನೊಮೀಟರ್ ಕಂದಕವನ್ನು ಸಣ್ಣ ಅಣುವೊಂದು ಸುಮಾರು ಅರ್ಧ ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ. ಅದೇ ಅಣು ವಿಸರಣೆಯೊಂದರಿಂದಲೇ ಒಂದು ಮೀಟರ್ ದೂರದ ಕಾಲ್ಬೆರಳನ್ನು ತಲುಪಬೇಕಾದರೆ ಸುಮಾರು ನಲವತ್ತು ವರ್ಷ ಬೇಕು! ಆದ್ದರಿಂದಲೇ ದೂರಕ್ಕೆ ವಿದ್ಯುತ್ತು, ಹತ್ತಿರಕ್ಕೆ ರಸಾಯನ. ಔಷಧಿಗಳು ಕೈಹಾಕುವುದು ಬಹುಮಟ್ಟಿಗೆ ಈ ಕಂದಕದಲ್ಲಿ.

ಸರ್ಪಗಂಧದಿಂದ ಎಲ್-ಡೋಪಾವರೆಗೆ

ಚಲನಚಿತ್ರದಲ್ಲಿ ಎಲ್-ಡೋಪಾ ಎಂಬ ಔಷಧಿ ಎಲ್ಲಿಂದಲೋ ಉದುರಿದಂತೆ ಬರುತ್ತದೆ. ನಿಜವಾದ ಇತಿಹಾಸ ಇದಕ್ಕಿಂತ ಸ್ವಾರಸ್ಯಕರ, ಅದರಲ್ಲಿ ನಮ್ಮ ನೆಲದ ಗಿಡಗಳೂ ಇವೆ. ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಲಾಯಿತು. ನರತುದಿಗಳ ಪುಟ್ಟ ಚೀಲಗಳಲ್ಲಿ ಡೋಪಮಿನ್‌ನಂತಹ ಅಣುಗಳು ಶೇಖರವಾಗದಂತೆ ಅದು ತಡೆಯುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟಾಗ ಮೊಲಗಳು ಅಲುಗಾಡದೆ ಬಿದ್ದವು. ಬಳಿಕ ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. 1957ರ ಈ ಪ್ರಯೋಗ ಮತ್ತು ಮುಂದಿನ ಸಂಶೋಧನೆಗಳಿಗಾಗಿ ಅವರಿಗೆ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಕ್ಸ್, ಪಾರ್ಕಿನ್‌ಸನ್ ರೋಗಿಗಳ ಮಿದುಳಿನ ಸ್ಟ್ರಯೇಟಮ್ ಭಾಗದಲ್ಲಿ ಡೋಪಮಿನ್ ತೀರಾ ಕಡಿಮೆಯಿರುವುದನ್ನು ತೋರಿಸಿದರು. 1967ರಲ್ಲಿ ಕಾಟ್ಜಿಯಾಸ್ ಹೆಚ್ಚಿನ ಪ್ರಮಾಣದ ಡೋಪಾವನ್ನು ಬಾಯಿಯ ಮೂಲಕ ಕೊಟ್ಟು ಯಶಸ್ಸು ಕಂಡರು. ಎಲ್-ಡೋಪಾ ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿಯೂ ಇದೆ. 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು.

ಡೋಪಮಿನ್ ಕಡಿಮೆಯಿದ್ದರೆ ಡೋಪಮಿನ್ನನ್ನೇ ಕೊಡಬಾರದೇಕೆ ಎಂದು ನೀವು ಕೇಳಬಹುದು. ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಅದು ದಾಟಲಾರದು. ಎಲ್-ಡೋಪಾ ಒಂದು ಅಮೈನೊ ಆಮ್ಲವಾದ್ದರಿಂದ ಇತರ ಅಮೈನೊ ಆಮ್ಲಗಳ ದಾರಿಯಲ್ಲೇ ಒಳಸೇರಿ, ಅಲ್ಲಿ ಡೋಪಮಿನ್ ಆಗಿ ಮಾರ್ಪಡುತ್ತದೆ.

ಚಿತ್ರದ ಗುಣ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಒಂದು ವಿಚಿತ್ರ ನಿದ್ರಾರೋಗ ಕಾಣಿಸಿಕೊಂಡು, ಹತ್ತು ವರ್ಷ ಜಗತ್ತನ್ನು ಕಾಡಿ ಮರೆಯಾಯಿತು. ಬದುಕುಳಿದವರಲ್ಲಿ ಅನೇಕರಿಗೆ ವರ್ಷಗಳ ನಂತರ ತೀವ್ರ ಪಾರ್ಕಿನ್‌ಸನ್ ಲಕ್ಷಣಗಳು ಬಂದವು. ನ್ಯೂಯಾರ್ಕಿನ ಬೆತ್ ಏಬ್ರಹಾಂ ಆಸ್ಪತ್ರೆಯಲ್ಲಿದ್ದ ಅಂತಹ ರೋಗಿಗಳಿಗೆ ಸ್ಯಾಕ್ಸ್ 1969ರಲ್ಲಿ ಎಲ್-ಡೋಪಾ ಕೊಟ್ಟರು. ಚಿತ್ರದಲ್ಲಿ ವೈದ್ಯನಾಗಿ ರಾಬಿನ್ ವಿಲಿಯಮ್ಸ್, ಲಿಯೊನಾರ್ಡ್ ಎಂಬ ರೋಗಿಯಾಗಿ ರಾಬರ್ಟ್ ಡಿ ನೀರೊ ನಟಿಸಿದ್ದಾರೆ.

ಡಿ ನೀರೊ ಅವರ ಅಭಿನಯವನ್ನು ಎಷ್ಟು ಹೊಗಳಿದರೂ ಕಡಿಮೆ. ಔಷಧಿಯ ಅಡ್ಡಪರಿಣಾಮದಿಂದ ದೇಹ ತಾನಾಗಿ ತಿರುಚಿಕೊಳ್ಳುವ ದೃಶ್ಯಗಳು ರೋಗವನ್ನು ಬಲ್ಲವರಿಗೂ ನಿಜವೆನಿಸುತ್ತವೆ. ಅದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ನೆಲದ ದೃಶ್ಯ. ಲೂಸಿ ಎಂಬ ರೋಗಿ ನಡೆಯುತ್ತ ಬಂದು, ನೆಲದ ಮೇಲಿನ ಚೌಕಗಳ ವಿನ್ಯಾಸ ಮುಗಿದಲ್ಲಿಗೆ ನಿಂತುಬಿಡುತ್ತಾಳೆ. ಮುಂದಕ್ಕೂ ಚೌಕಗಳನ್ನು ಬರೆದಾಗ ನಡಿಗೆ ಮುಂದುವರಿಯುತ್ತದೆ. ಇದು ಕಟ್ಟುಕಥೆಯಲ್ಲ. ಬರಿಯ ನೆಲದಲ್ಲಿ ಹೆಜ್ಜೆ ಕೀಳಲಾಗದ ಪಾರ್ಕಿನ್‌ಸನ್ ರೋಗಿ ಮೆಟ್ಟಿಲು ಹತ್ತಬಲ್ಲ, ಗೆರೆ ಎಳೆದರೆ ದಾಟಬಲ್ಲ. ಸ್ನಾಯು ಕೆಟ್ಟಿಲ್ಲ, ಸ್ನಾಯುವಿಗೆ ಹೋಗುವ ನರ ಕೆಟ್ಟಿಲ್ಲ. ‘ಈಗ ಆರಂಭಿಸು’ ಎಂಬ ಒಳಗಿನ ಸೂಚನೆ ದುರ್ಬಲವಾಗಿದೆ. ಹೊರಗಿನ ಸೂಚನೆ ಅದರ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ಇಷ್ಟನ್ನು ಒಂದೂ ಪಾರಿಭಾಷಿಕ ಪದವಿಲ್ಲದೆ ಹೇಳಿದ್ದು ಚಿತ್ರದ ದೊಡ್ಡ ಗುಣ.

ಬಿಟ್ಟುಹೋದ ಮೂರನೆಯ ಅಂಕ

ಪುಸ್ತಕದಲ್ಲಿ ಸ್ಯಾಕ್ಸ್ ಮೂರು ಹಂತಗಳನ್ನು ಗುರುತಿಸುತ್ತಾರೆ: ಎಚ್ಚರ, ಸಂಕಟ, ಹೊಂದಾಣಿಕೆ. ಮೊದಲು ಔಷಧಿ ಪವಾಡದಂತೆ ಕೆಲಸ ಮಾಡುತ್ತದೆ. ಆಮೇಲೆ ಏರುಪೇರು, ಅತಿಚಲನೆ, ಗೊಂದಲ. ಕೊನೆಗೆ ಹಲವರು ಔಷಧಿಯ ಪ್ರಮಾಣ, ದಿನಚರಿ, ಸಂಗೀತ, ಜೊತೆಗಿರುವವರ ಒತ್ತಾಸೆ ಇವುಗಳಿಂದ ಒಂದು ಸಮತೋಲನವನ್ನು ಕಂಡುಕೊಳ್ಳುತ್ತಾರೆ. ಪುಸ್ತಕದಲ್ಲಿರುವ ಇಪ್ಪತ್ತು ರೋಗಿಗಳ ಕಥೆ ಒಂದೇ ತೆರನಲ್ಲ. ಕೆಲವರು ಸೋತರು, ಕೆಲವರು ವರ್ಷಗಳ ಕಾಲ ಪ್ರಯೋಜನ ಪಡೆದರು. ಚಿತ್ರವಾದರೋ ಮೊದಲೆರಡು ಹಂತಗಳಿಗೇ ತೆರೆ ಎಳೆಯುತ್ತದೆ. ಎಲ್ಲರೂ ಒಟ್ಟಿಗೆ ಏಳುತ್ತಾರೆ, ಎಲ್ಲರೂ ಒಟ್ಟಿಗೆ ಮರಳಿ ಕಲ್ಲಾಗುತ್ತಾರೆ. ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಇಷ್ಟು: ಈ ಔಷಧಿಗೆ ಒಂದು ಆಯುಸ್ಸಿದೆ, ಅದು ತೀರಿದರೆ ಮುಗಿಯಿತು.

ಏರುಪೇರು ಏಕೆ ಬರುತ್ತದೆ? ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುವ ಊರನ್ನು ನೆನೆಸಿಕೊಳ್ಳಿ. ಮನೆಯ ಸಂಪು ದೊಡ್ಡದಿದ್ದರೆ ನೀರು ಯಾವಾಗ ಬಂತು, ಯಾವಾಗ ನಿಂತಿತು ಎಂಬುದು ಗೊತ್ತೇ ಆಗುವುದಿಲ್ಲ. ಸಂಪು ಕುಗ್ಗುತ್ತ ಹೋದರೆ ನೀರು ಬಂದ ದಿನ ಉಕ್ಕುತ್ತದೆ, ಮರುದಿನ ಬತ್ತುತ್ತದೆ. ಮಿದುಳಿನಲ್ಲಿ ಉಳಿದಿರುವ ಡೋಪಮಿನ್ ನರತುದಿಗಳೇ ಆ ಸಂಪು. ಅವು ಗುಳಿಗೆಯಿಂದ ಬಂದದ್ದನ್ನು ಶೇಖರಿಸಿ, ಬೇಕಾದಾಗ ಬೇಕಾದಷ್ಟು ಬಿಡುತ್ತವೆ. ರೋಗ ಮುಂದುವರಿದಂತೆ ನರತುದಿಗಳು ನಶಿಸುತ್ತವೆ. ಆಗ ಮಿದುಳಿನ ಡೋಪಮಿನ್ ರಕ್ತದಲ್ಲಿನ ಔಷಧಿಯ ಏರಿಳಿತವನ್ನೇ ಅನುಸರಿಸುತ್ತದೆ. ಗುಳಿಗೆ ನುಂಗಿದಾಗ ಅತಿಚಲನೆ, ಕೆಲವು ಗಂಟೆಗಳಲ್ಲಿ ಮರಳಿ ಜಡತ್ವ. ಸ್ಯಾಕ್ಸ್ ಅವರ ರೋಗಿಗಳಲ್ಲಿ ನಿದ್ರಾರೋಗದ ಹಾನಿ ಬಹಳ ತೀವ್ರವಾಗಿತ್ತು, ಆದ್ದರಿಂದ ಏರುಪೇರೂ ಬೇಗ ಬಂದಿತು. ಅವರು ಸಾಮಾನ್ಯ ಪಾರ್ಕಿನ್‌ಸನ್ ರೋಗಿಗಳಲ್ಲ ಎಂಬುದನ್ನು ಚಿತ್ರ ನೋಡಿದವರು ಮರೆಯುತ್ತಾರೆ.

ನನ್ನ ಭಾವನವರೂ ಮರೆತರು. ನೆನಪಿಸಬೇಕಾದ ನಾನೂ ಮರೆತೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನಿವೃತ್ತಿಯ ನಂತರ ಅವರ ಕೈಬರಹ ಚಿಕ್ಕದಾಗುತ್ತ ಬಂತು, ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಿಂದ ಚೆಕ್ಕು ವಾಪಸಾಯಿತು. 2016ರಲ್ಲಿ ವೈದ್ಯರು ಪಾರ್ಕಿನ್‌ಸನ್ ಎಂದು ಹೇಳಿ ಲೆವೊಡೋಪಾ, ಅಂದರೆ ಇದೇ ಎಲ್-ಡೋಪಾ, ಬರೆದುಕೊಟ್ಟರು. ರೋಗದ ಪರಿಚಯವಾಗಲೆಂದು ನಾನೇ ಚಿತ್ರದ ಡಿವಿಡಿ ತಂದು ತೋರಿಸಿದೆ. ಔಷಧಿಯೆಂದರೆ ಬ್ಯಾಟರಿಯಿದ್ದಂತೆ ಎಂದು ಮೇಷ್ಟರ ಗತ್ತಿನಲ್ಲಿ ವಿವರಿಸಿಯೂ ಬಿಟ್ಟೆ. ಅವರು ಚಿತ್ರ ಮುಗಿದ ಮೇಲೆ ಹೇಳಿದರು: “ನೋಡಪ್ಪ, ಬ್ಯಾಟರಿ ಈಗಲೇ ಖರ್ಚು ಮಾಡಿದರೆ ಕತ್ತಲಾದಾಗ ಏನು ಮಾಡೋದು?” ನನಗೂ ಅದು ತರ್ಕಬದ್ಧವೆನಿಸಿತು. ಗುಳಿಗೆಗಳು ಬೀರುವಿನಲ್ಲೇ ಉಳಿದವು. ಎರಡು ವರ್ಷ ಅವರು ಪೆನ್ಸಿಲ್ ಹಿಡಿಯಲಿಲ್ಲ, ಅಂಗಿಯ ಗುಂಡಿಯನ್ನು ಅಕ್ಕ ಹಾಕಬೇಕಾಯಿತು. ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದಾಗ ವೈದ್ಯರು ನಮ್ಮಿಬ್ಬರನ್ನೂ ಕೂರಿಸಿ ತಿಳಿಹೇಳಿದರು.

ಸಂಶೋಧನೆ ಏನು ಹೇಳುತ್ತದೆ?

ಉಳಿಸಿಟ್ಟರೆ ಔಷಧಿ ಮುಂದೆ ಹೆಚ್ಚು ಕಾಲ ಕೆಲಸ ಮಾಡುತ್ತದೆಯೇ? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿತು. ಔಷಧಿ ಸುಲಭವಾಗಿ ಸಿಗದ ಘಾನಾದಲ್ಲಿ ರೋಗ ಆರಂಭವಾಗಿ ಸರಾಸರಿ ನಾಲ್ಕು ವರ್ಷ ಕಳೆದ ಮೇಲೆ, ಇಟಲಿಯಲ್ಲಿ ಸುಮಾರು ಎರಡೂವರೆ ವರ್ಷಕ್ಕೆ ಲೆವೊಡೋಪಾ ಶುರುವಾಗಿತ್ತು. ಆದರೂ ಏರುಪೇರು ಕಾಣಿಸಿದ್ದು ರೋಗದ ಹೆಚ್ಚುಕಡಿಮೆ ಒಂದೇ ಘಟ್ಟದಲ್ಲಿ. ಎಣಿಕೆಗೆ ಬರುವುದು ರೋಗದ ವಯಸ್ಸು, ಔಷಧಿಯ ವಯಸ್ಸಲ್ಲ. 2019ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು 445 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಮೊದಲಿನಿಂದಲೇ ಔಷಧಿ, ಇನ್ನೊಂದಕ್ಕೆ ಮೊದಲ 40 ವಾರ ಹುಸಿಗುಳಿಗೆ, ಅನಂತರ ಔಷಧಿ. 80 ವಾರಗಳ ಕೊನೆಗೆ ಎರಡು ಗುಂಪುಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಬೇಗ ಆರಂಭಿಸಿದ್ದರಿಂದ ರೋಗ ನಿಧಾನವಾಗಲಿಲ್ಲ, ಹಾನಿಯೂ ಆಗಲಿಲ್ಲ. ಕಾದವರು ಕಳೆದುಕೊಂಡದ್ದು ಆ 40 ವಾರಗಳ ನೆಮ್ಮದಿಯನ್ನು.

ಇಲ್ಲಿ ಪುಸ್ತಕದ ಕೊರತೆಯನ್ನೂ ಹೇಳಬೇಕು. ಸ್ಯಾಕ್ಸ್ ಹುಸಿಗುಳಿಗೆಯೊಡನೆ ಹೋಲಿಸುವ ಪ್ರಯೋಗವನ್ನು ಯೋಜಿಸಿದ್ದರು, ಔಷಧಿಯ ಪರಿಣಾಮ ಕಂಡ ಮೇಲೆ ಅದನ್ನು ಕೈಬಿಟ್ಟರು. ವೈದ್ಯನಾಗಿ ಅವರು ಮಾಡಿದ್ದು ಅರ್ಥವಾಗುತ್ತದೆ. ಪರಿಣಾಮವಾಗಿ ಅವರ ಪುಸ್ತಕ ಒಬ್ಬರ ಕಣ್ಣು ಕಂಡ ಸತ್ಯ. ರೋಗಿಯ ಬಾಳು ಹೇಗಿರುತ್ತದೆ ಎಂಬುದನ್ನು ಅದು ಅದ್ಭುತವಾಗಿ ಹೇಳುತ್ತದೆ. ಔಷಧಿಯನ್ನು ಯಾವಾಗ ಆರಂಭಿಸಬೇಕು ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ. 1990ರ ಆವೃತ್ತಿಯ ಅನುಬಂಧದಲ್ಲಿ ರೋಗಿಗಳ ಏರುಪೇರನ್ನು ಕೇಯಾಸ್ ಸಿದ್ಧಾಂತದ ಮೂಲಕ ನೋಡುವ ಪ್ರಯತ್ನವೂ ಇದೆ. ಭೌತವಿಜ್ಞಾನದವನಾದ ನನಗೆ ಅದು ರುಚಿಸಿತು, ಆದರೆ ಅಳತೆಗಳ ಬೆಂಬಲವಿಲ್ಲದ ಹೋಲಿಕೆ ಹೋಲಿಕೆಯಾಗಿಯೇ ಉಳಿಯುತ್ತದೆ. ನನ್ನ ಬ್ಯಾಟರಿಯೂ ಅಂಥದ್ದೇ ತಾನೆ?

ಓದುಗರು ಚಿತ್ರವನ್ನು ನೋಡಬಾರದೆಂದಲ್ಲ. ನೋಡಿ, ಆಮೇಲೆ ಪುಸ್ತಕದ ಮೂರನೆಯ ಹಂತವನ್ನು ಓದಿ. ಮನೆಯಲ್ಲಿ ಪಾರ್ಕಿನ್‌ಸನ್ ರೋಗಿ ಇದ್ದರೆ ಔಷಧಿಯನ್ನು ಸ್ವಂತ ತರ್ಕದಿಂದ ಮುಂದೂಡಬೇಡಿ. ಥಟ್ಟನೆ ನಿಲ್ಲಿಸುವುದಂತೂ ಪ್ರಾಣಾಪಾಯಕ್ಕೆ ದಾರಿ. ನಸುಗುನ್ನಿಯ ಪುಡಿಯನ್ನು ಲೆಕ್ಕವಿಲ್ಲದೆ ಸೇರಿಸುವುದೂ ಬೇಡ. ಅದರಲ್ಲಿರುವುದೂ ಅದೇ ಔಷಧಿ, ಪ್ರಮಾಣ ಮಾತ್ರ ನಿಮಗೆ ತಿಳಿಯದು. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನು ಎಲ್-ಡೋಪಾದ ದಾರಿಯಲ್ಲೇ ಪೈಪೋಟಿ ನಡೆಸುವುದರಿಂದ ಗುಳಿಗೆ ಮತ್ತು ಊಟದ ನಡುವಿನ ಅಂತರವನ್ನು ವೈದ್ಯರಲ್ಲಿ ಕೇಳಿ ತಿಳಿಯಿರಿ.

ನಮ್ಮ ಭಾವನವರು ಈಗ ಏಳು ಗಂಟೆಗೆ ಗುಳಿಗೆ, ಎಂಟಕ್ಕೆ ತಿಂಡಿ ಮುಗಿಸಿ, ಹತ್ತರವರೆಗೆ ಮೊಮ್ಮಗಳಿಗೆ ಚಿತ್ರ ಬರೆಯಲು ಕಲಿಸುತ್ತಾರೆ. ಹತ್ತೂಕಾಲಿಗೆ ಕೈ ನಡುಗತೊಡಗುತ್ತದೆ, ಪೆನ್ಸಿಲ್ ಕೆಳಗಿಡುತ್ತಾರೆ. ಮುಂದಿನ ಗುಳಿಗೆ ಹತ್ತೂವರೆಗೆ. ಚಲನಚಿತ್ರದವರಿಗೆ ಇದರಲ್ಲಿ ಕಥೆ ಕಾಣದಿರಬಹುದು. ಎಲ್-ಡೋಪಾದ ನಿಜವಾದ ಸಾಧನೆ ಇರುವುದು ಇಲ್ಲಿಯೇ.