ಕಲ್ಲಿಗೆ ಸಲ್ಲದ ಸಾವು

ವೈಗೈ ನದಿಯ ತೀರದಲ್ಲಿ, ತೇನಿ ಜಿಲ್ಲೆಯ ಆಂಡಿಪಟ್ಟಿ ತಾಲ್ಲೂಕಿಗೆ ಸೇರಿದ ಪುಲಿಮಾನ್‌ಕೊಂಬೈ ಎಂಬ ಗ್ರಾಮದಲ್ಲಿ, 2006ರಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ಸಂಶೋಧಕರಿಗೆ ದೊರೆತ ಮೂರು ಶಿಲೆಗಳು ಭರತಖಂಡದಲ್ಲಿ ಕಂಡುಬಂದಿರುವ ಲಿಖಿತ ವೀರಗಲ್ಲುಗಳಲ್ಲಿ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿವೆ. ತಮಿಳು-ಬ್ರಾಹ್ಮೀ ಲಿಪಿಯ ಲಕ್ಷಣಗಳನ್ನು ಆಧರಿಸಿ ವಿದ್ವಾಂಸರು ಇವನ್ನು ಕ್ರಿ.ಪೂ. 3-2ನೆಯ ಶತಮಾನಗಳಿಗೆ ಸೇರಿಸುತ್ತಾರೆ. ಅವುಗಳಲ್ಲೊಂದು ಕೂಡಲೂರಿನ ತುರುಗೋಳಿನಲ್ಲಿ ಮಡಿದ ಅಂತವನ್ ಎಂಬವನದು. ಆ ಹೆಸರಿನ ಊರು ಕಂಬಮ್ ಕಣಿವೆಯಲ್ಲಿ ಇಂದಿಗೂ ಇದೆ. ಅದೇ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿ ಮನೆಯೊಳಗೆ ಕನ್ನಡವನ್ನೇ ಆಡಿಕೊಂಡು ಬಂದಿರುವ ಒಕ್ಕಲಿಗ ಕಾಪ್ಪಿಲಿಯರು ಕಂಬಮ್ ಪಟ್ಟಣದ ನಂದಗೋಪಾಲನ ದೊಡ್ಡಿಯಲ್ಲಿ ದೇವರ ದನಗಳನ್ನು ಈಗಲೂ ಪೂಜಿಸುತ್ತಾರೆ. ದನಕ್ಕಾಗಿ ಪ್ರಾಣ ತೆತ್ತವನೊಬ್ಬನಿಗೆ ಕಲ್ಲು ನಿಲ್ಲಿಸಿದ್ದೇಕೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಶಿಲೆಯ ಮೇಲೆ ಖಡ್ಗವೆತ್ತಿದ ವೀರನಿಲ್ಲ, ಚಾಮರ ಬೀಸುವ ಅಪ್ಸರೆಯರಿಲ್ಲ. ಹೆಸರು, ಊರು, ಸತ್ತ ಕಾರಣ, ಇಷ್ಟೇ.

ಯುದ್ಧದ ಲೆಕ್ಕವಿಡುವ ಪದ್ಧತಿಗಳಲ್ಲಿ ನಮ್ಮ ಈ ಭಾಗದ ಅತ್ಯಂತ ಹಳೆಯದಾದ ವೀರಗಲ್ಲನ್ನು ಕೇವಲ ಶಿಲ್ಪಕಲೆಯ ಶಾಖೆಯೆಂದು ಹೊಗಳಿ ಬಿಟ್ಟುಬಿಡುವುದು ಅದಕ್ಕೆ ಅನ್ಯಾಯ ಮಾಡಿದಂತೆ. ಕನ್ನಡ ನಾಡಿನಲ್ಲಿ ಅದು ಪ್ರೌಢಿಮೆಗೇರಿದಾಗ, ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸುರಾಂಗನೆಯರು ವೀರನನ್ನು ಕೈಹಿಡಿದು ಒಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ, ಇವುಗಳ ಜೊತೆಗೆ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂಬ ಭೂದಾನವೂ ಕೂಡಿಕೊಂಡಿತು. ಸ್ವರ್ಗದ ಆಶ್ವಾಸನೆ ಎಷ್ಟರ ಮಟ್ಟಿಗೆ ನೆರವೇರಿತೋ ಹೇಳಬಲ್ಲವರಿಲ್ಲ. ಆದರೆ ಗದ್ದೆ ಮಾತ್ರ ವಿಧವೆಯ ಅನ್ನಕ್ಕೆ ಒದಗಿರಬೇಕು. ಸಾವಿಗೆ ಕೀರ್ತಿಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳದೆ ಬದುಕಿದವರ ಹೊಟ್ಟೆಯನ್ನೂ ನೆನೆದದ್ದು ಈ ಪದ್ಧತಿಯ ದೊಡ್ಡ ಗುಣ.

ಅದರ ದೋಷವಾದರೋ ಅದರ ಮೂಲನಿಯಮದಲ್ಲಿಯೇ ಇದೆ. ಕಾಳಗದ ಬಯಲಿನಲ್ಲಿ ಬಿದ್ದವನಿಗೆ ಕಲ್ಲು. ಬಯಲಿನಿಂದೆದ್ದು ಮನೆಗೆ ಬಂದು, ವರ್ಷಗಳ ಮೇಲೆ ಅದೇ ಕಾಳಗದ ದೆಸೆಯಿಂದ ತನ್ನನ್ನು ತಾನೇ ಮುಗಿಸಿಕೊಂಡವನಿಗೆ ಏನೂ ಇಲ್ಲ. ಪ್ರಾಚೀನರಿಗೆ ಯೋಧನ ಸ್ವಯಂಮರಣ ತಿಳಿಯದ ಸಂಗತಿಯಾಗಿತ್ತೆಂದು ಹೇಳುವಂತಿಲ್ಲ. ವೆಣ್ಣಿಯ ಯುದ್ಧದಲ್ಲಿ ಕರಿಕಾಲ ಚೋಳನ ಆಯುಧದಿಂದ ಬೆನ್ನಿಗೆ ಗಾಯವಾದ ಚೇರ ದೊರೆ, ಬೆನ್ನ ಗಾಯದ ಅಪಮಾನವನ್ನು ಸಹಿಸಲಾರದೆ, ಉತ್ತರಾಭಿಮುಖನಾಗಿ ಕುಳಿತು ಅನ್ನ ಬಿಟ್ಟು ಪ್ರಾಣ ನೀಗಿದ ವೃತ್ತಾಂತವು ಪ್ರಾಚೀನ ತಮಿಳು ಕವನಸಂಗ್ರಹವಾದ ಪುಱನಾನೂಱಿನಲ್ಲಿದೆ. ನಮ್ಮ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು, ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ಗರುಡನಾದ, ಎಂದರೆ ಒಡೆಯನಿಗಾಗಿ ಪ್ರಾಣ ಕೊಡುವ ಪಣತೊಟ್ಟ ಅಂಗರಕ್ಷಕನಾದ ಕುವರಲಕ್ಷ್ಮನು ಪತ್ನಿ ಹಾಗೂ ಪರಿವಾರದೊಡನೆ ಸತ್ತುದನ್ನು ಸಾರುತ್ತದೆ. ತಮ್ಮ ಶಿರಸ್ಸನ್ನು ತಾವೇ ಕತ್ತರಿಸಿಕೊಳ್ಳುವ ಭಟರ ಸಣ್ಣ ಸಣ್ಣ ವಿಗ್ರಹಗಳನ್ನು ಶಿಲ್ಪಿ ಅದರ ಸುತ್ತ ಕೊರೆದಿದ್ದಾನೆ. ಅವುಗಳ ಮುಖದಲ್ಲಿ ಕಳವಳದ ಲೇಶವೂ ಇಲ್ಲ. ಎಂತಹ ನುರಿತ ಉಳಿ! ಆದರೂ ಆ ಪ್ರಸನ್ನತೆಯನ್ನು ನಾನು ಮೆಚ್ಚಲಾರೆ. ಅದು ಸತ್ತವರ ಭಾವವಲ್ಲ, ಸಾಯಿಸಿಕೊಂಡ ವ್ಯವಸ್ಥೆಯ ಭಾವ. ಒಡೆಯನ ಋಣಕ್ಕಾಗಿಯೋ ಮಾನಕ್ಕಾಗಿಯೋ ಒಪ್ಪಿಸಿಕೊಂಡ ಪ್ರಾಣಕ್ಕೆ ಸ್ತುತಿಯುಂಟು. ನಿದ್ದೆ ಬಾರದ ರಾತ್ರಿಗಳಿಂದ ದಣಿದು ಹೋದ ಪ್ರಾಣಕ್ಕೆ ಒಂದು ಸಾಲೂ ಇಲ್ಲ.

ಯುದ್ಧದಿಂದ ಮರಳಿ ಬಂದವನೊಬ್ಬನ ಸುದ್ದಿ ನಮ್ಮ ಶಾಸನಗಳಲ್ಲಿ ಸಿಕ್ಕುವುದು ವಿರಳ. ಸಿಕ್ಕಿದ ಕಡೆ ವಿಚಿತ್ರವಾಗಿ ಸಿಕ್ಕುತ್ತದೆ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಿಲೆಯನ್ನೇ ನೋಡಬಹುದು. 949ರಲ್ಲಿ ತಕ್ಕೋಲದ ಕದನದಲ್ಲಿ ಚೋಳ ಯುವರಾಜ ರಾಜಾದಿತ್ಯನು ಬಿದ್ದ ತರುವಾಯ, ಗಂಗ ಬೂತುಗನು ತನ್ನ ಭಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಂತಿತು, ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಗೊರವನು, ಎಂದರೆ ಅಲ್ಲಿನ ಶೈವ ಪೂಜಾರಿಯು, ಉಂಡರೆ ನಾಯಿಯ ಪಾಪವು ಅವನಿಗೆ ತಟ್ಟಲೆಂಬ ಶಾಪವನ್ನೂ ಬರೆಸಿದರು. ಇದನ್ನು ಸ್ವಾರಸ್ಯದ ಕಥೆಯೆಂದು ಹೇಳಿ ನಗುವವರುಂಟು. ನನಗಾದರೋ, ಅಷ್ಟು ರಕ್ತವನ್ನು ಕಂಡು ಬದುಕಿ ಬಂದವನು ಏನನ್ನಾದರೂ ಬೇಡಬಹುದಾಗಿದ್ದ ಗಳಿಗೆಯಲ್ಲಿ ಮೂಕಪ್ರಾಣಿಯೊಂದರ ಸಂಗವನ್ನು ಬೇಡಿದನೆಂಬುದು ಅರ್ಥವತ್ತಾಗಿ ತೋರುತ್ತದೆ. ಇದು ಶಾಸನದ ಮಾತಲ್ಲ, ನನ್ನ ಊಹೆ. ಬೇಟೆಯ ಗೀಳಿನವನಿಗೆ ಒಳ್ಳೆಯ ನಾಯಿಗಿಂತ ಬೇರೆ ಸಂಪತ್ತಿಲ್ಲವೆಂದು ಯಾರಾದರೂ ಉತ್ತರಿಸಿದರೆ ನಾನು ವಾದಿಸಲಾರೆ.

ಮೊದಲನೆಯ ಮಹಾಯುದ್ಧದ ಅನಂತರ ನಮ್ಮ ದೇಶದ ಹಲವು ಹಳ್ಳಿಗಳಲ್ಲಿ ಆಂಗ್ಲ ಸರ್ಕಾರವು ನೆಡಿಸಿದ ಫಲಕಗಳು, ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಮಡಿದರು ಎಂದು ಎರಡು ಅಂಕಿಗಳನ್ನು ಹೇಳುತ್ತವೆ. ಮರಳಿದವರು ಎಷ್ಟೆಂಬುದನ್ನು ಓದುವವನೇ ಕಳೆದು ತಿಳಿಯಬೇಕು. ಹೇಗೆ ಮರಳಿದರೆಂಬುದಕ್ಕೆ ಕಳೆಯುವ ಲೆಕ್ಕವೂ ಸಾಲದು.

ಗಣರಾಜ್ಯದ ಕಾಲದಲ್ಲಿ ಈ ನಿಯಮ ಸಡಿಲಿತೆ? 2023ರ ಅಕ್ಟೋಬರಿನಲ್ಲಿ ಜಮ್ಮುವಿನ ಗಡಿಭಾಗದಲ್ಲಿ ಅಗ್ನಿವೀರನೊಬ್ಬನು ತೀರಿಕೊಂಡಾಗ ಅವನ ಶವಕ್ಕೆ ಸೈನಿಕ ಗೌರವ ಸಲ್ಲಲಿಲ್ಲವೆಂದು ಕೋಲಾಹಲವೆದ್ದಿತು. ತನ್ನ ಕೈಯಾರೆ ಉಂಟುಮಾಡಿಕೊಂಡ ಸಾವಿಗೆ 1967ರ ಸೇನಾ ಆದೇಶದ ಪ್ರಕಾರ ಆ ಗೌರವವಿಲ್ಲವೆಂದೂ, 2001ರಿಂದೀಚೆಗೆ ವರ್ಷಕ್ಕೆ ಸರಾಸರಿ 100ರಿಂದ 140 ಮಂದಿ ಹೀಗೆ ಸಾಯುತ್ತಿದ್ದಾರೆಂದೂ, ಕುಟುಂಬಗಳಿಗೆ ಹಣದ ನೆರವು ಮಾತ್ರ ತಪ್ಪದೆ ಸಲ್ಲುತ್ತಿದೆಯೆಂದೂ ಸೇನೆ ತಿಳಿಸಿತು. ನೆತ್ತರುಗೊಡಗೆ ಉಂಟು, ಕಲ್ಲು ಇಲ್ಲ! ಮೂರೂ ಪಡೆಗಳಲ್ಲಿ ಐದು ವರ್ಷಗಳಲ್ಲಿ 819 ಮಂದಿ, ಅವರಲ್ಲಿ ಭೂಸೇನೆಯವರೇ 642, ಆತ್ಮಹತ್ಯೆಗೆ ಈಡಾದರೆಂದು 2022ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಸರ್ಕಾರವೇ ಹೇಳಿತ್ತು. ಇವರೆಲ್ಲ ಸೇವೆಯಲ್ಲಿದ್ದವರು. ಸಮವಸ್ತ್ರವನ್ನು ಕಳಚಿಟ್ಟು ಪೆನ್ಷನ್ ಪುಸ್ತಕದೊಡನೆ ಊರು ಸೇರಿದವನು ಹೀಗೆ ಸತ್ತರೆ, ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವಾರ್ಷಿಕ ವರದಿಯಲ್ಲಿ ಅವನು ‘ನಿವೃತ್ತರು’ ಎಂಬ ಕಲಮಿನಲ್ಲಿ ಗುಮಾಸ್ತರು, ಉಪಾಧ್ಯಾಯರು ಮೊದಲಾದವರೊಡನೆ ಬೆರೆತುಹೋಗುತ್ತಾನೆ.

ಲೆಕ್ಕವಿಟ್ಟ ದೇಶದಲ್ಲಿ ಅಂಕಿ ಏನು ಹೇಳಿತೆಂಬುದು ಗಮನಾರ್ಹ. 2001ರ ಸೆಪ್ಟೆಂಬರ್ 11ರ ಅನಂತರದ ಯುದ್ಧಗಳಲ್ಲಿ ಅಮೆರಿಕದ ಸುಮಾರು 7,057 ಮಂದಿ ರಣದ ಕಾರ್ಯಾಚರಣೆಗಳಲ್ಲಿ ಮಡಿದರೆ, ಆ ಯುದ್ಧಗಳ ಕಾಲದ ಸೇವಾನಿರತರು ಹಾಗೂ ಮಾಜಿ ಸೈನಿಕರಲ್ಲಿ 30,177 ಮಂದಿ ಆತ್ಮಹತ್ಯೆಯಿಂದ ಸತ್ತರೆಂದು ಬ್ರೌನ್ ವಿಶ್ವವಿದ್ಯಾಲಯದ ಯುದ್ಧವೆಚ್ಚ ಅಧ್ಯಯನವು 2021ರಲ್ಲಿ ಅಂದಾಜು ಮಾಡಿತು. ನಾಲ್ಕು ಪಟ್ಟಿಗೂ ಮೀರಿ. ಅಲ್ಲಿಯೂ, ಯುದ್ಧರಂಗದಲ್ಲಿ ಆತ್ಮಹತ್ಯೆ ಮಾಡಿಕೊಂಡವನ ಮನೆಗೆ ಅಧ್ಯಕ್ಷರು ಸಂತಾಪಪತ್ರ ಬರೆಯಕೂಡದೆಂಬ ಹಳೆಯ ರೂಢಿಯೊಂದಿದ್ದು, 2011ರ ಜುಲೈಯಲ್ಲಿ ಒಬಾಮ ಅದನ್ನು ತೆಗೆದುಹಾಕಿದರು.

ನಮ್ಮ 1967ರ ಆದೇಶದ ಪರವಾಗಿ, ಗೌರವ ಸಲ್ಲಿಸಿದರೆ ಅಂಥ ಸಾವಿಗೆ ಮೇಲ್ಪಂಕ್ತಿ ಹಾಕಿಕೊಟ್ಟಂತಾದೀತೆಂಬ ವಾದ ಹೂಡಬಹುದು. ಕುವರಲಕ್ಷ್ಮನ ಕಂಬವನ್ನು ನೋಡಿದವನು ಆ ಭಯವನ್ನು ತಳ್ಳಿಹಾಕಲಾರ; ವೈಭವೀಕರಣವು ಸಾವಿಗೆ ಕರೆ ಕೊಡುತ್ತದೆಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಆದರೆ ಸ್ತುತಿಗೂ ಮೌನಕ್ಕೂ ನಡುವಣ ದಾರಿಯೊಂದನ್ನು ಪುಲಿಮಾನ್‌ಕೊಂಬೈಯ ಅನಾಮಧೇಯ ಕಲ್ಲುಕುಟಿಗನು ಎರಡು ಸಾವಿರ ವರ್ಷಗಳ ಹಿಂದೆಯೇ ಬಲ್ಲವನಾಗಿದ್ದನು. ಅವನಂತೆ ಬರಿದೇ ದಾಖಲಿಸುವುದಕ್ಕಾಗಿ, ಮಾಜಿ ಸೈನಿಕರ ಇಂಥ ಸಾವಿಗೆ ಅಪರಾಧ ದಾಖಲೆ ವಿಭಾಗದ ವರದಿಯಲ್ಲಿ ಪ್ರತ್ಯೇಕವಾದ ಒಂದು ಕಲಮನ್ನು ತೆರೆಯಲು ಶಾಸನಸಭೆಯ ಚರ್ಚೆಯೂ ಬೇಡ, ಹೊಸ ಖರ್ಚೂ ಇಲ್ಲ. ಸಂಬಂಧಪಟ್ಟ ಇಲಾಖೆಯ ಒಂದು ಸುತ್ತೋಲೆ ಸಾಕು.