ಹುಸಿ ಸಾವಿನ ಆಶಯ: ಕುಮಾರರಾಮನ ಕಥನ ಮತ್ತು ಒಂದು ಪತ್ತೇದಾರಿ ಕಾದಂಬರಿಯ ತೆರೆರೂಪಗಳು

ಪತ್ತೇದಾರಿ ಕಾದಂಬರಿಯನ್ನು ಆಧುನಿಕ ನಗರ ಜೀವನದ ಕೂಸೆಂದು ಪರಿಗಣಿಸುವುದು ರೂಢಿ. ಪೊಲೀಸ್ ವ್ಯವಸ್ಥೆ, ನ್ಯಾಯಾಲಯ, ವೈದ್ಯಕೀಯ ಪ್ರಮಾಣ ಇವುಗಳಿಲ್ಲದೆ ಅದು ಈ ರೂಪ ಪಡೆಯುತ್ತಿರಲಿಲ್ಲವೆಂಬುದು ನಿಜ. ಆದರೆ ಅದರ ಕಥಾಸಂವಿಧಾನವನ್ನು ಬಿಡಿಸಿ ನೋಡಿದಾಗ ಮೌಖಿಕ ಪರಂಪರೆಯ ಹಳೆಯ ಆಶಯಗಳೇ ಎದುರಾಗುತ್ತವೆ. ಸತ್ತಂತೆ ತೋರಿಸಿ ಬದುಕಿರುವ ‘ಹುಸಿ ಸಾವು’ ಅಂಥವುಗಳಲ್ಲೊಂದು. ಈ ಆಶಯವು ಕಂಪ್ಲಿಯ ಕುಮಾರರಾಮನ ಕಥನದಲ್ಲಿಯೂ ಅಗಾಥಾ ಕ್ರಿಸ್ಟಿಯ ‘ಅಂಡ್ ದೆನ್ ದೇರ್ ವರ್ ನನ್’ (1939) ಕಾದಂಬರಿಯಲ್ಲಿಯೂ ಕೇಂದ್ರಸ್ಥಾನದಲ್ಲಿದೆ. ಇವೆರಡನ್ನು ಎದುರುಬದುರಾಗಿ ಇರಿಸಿದಾಗ, ಕಾದಂಬರಿಯ ತೆರೆರೂಪಗಳು ಉಳಿಸಿಕೊಂಡುದೇನು, ಕೈಬಿಟ್ಟುದೇನು ಎಂಬುದು ಸ್ಪಷ್ಟವಾಗುತ್ತದೆ.

ಹಂಪಿಯ ಹೇಮಕೂಟದಲ್ಲಿ ಶಾಸನ ಬರೆಸಿದ ಕಂಪಿಲರಾಯನ ರಾಜ್ಯವು ಮಹಮ್ಮದ್ ಬಿನ್ ತುಘಲಕನ ಸೇನೆಯೆದುರು 1327ರಲ್ಲಿ ಪತನಗೊಂಡಿತು. ಸುಮಾರು ಎರಡು ಶತಮಾನಗಳ ಅನಂತರ ಕವಿ ನಂಜುಂಡನು ಆತನ ಮಗನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ಪರನಾರಿ ಸಹೋದರನೆಂದು ಖ್ಯಾತನಾದ ರಾಮನು ಚೆಂಡನ್ನು ಅರಸಿ ಮಲತಾಯಿ ರತ್ನಾಜಿಯ ಅರಮನೆಗೆ ಹೋಗುತ್ತಾನೆ; ಅವಳ ಬಯಕೆಯನ್ನು ನಿರಾಕರಿಸುತ್ತಾನೆ; ಅವಳು ಅವನ ಮೇಲೆಯೇ ದೂರು ಹೊರಿಸುತ್ತಾಳೆ. ಕಂಪಿಲರಾಯನು ವಿಚಾರಣೆಯಿಲ್ಲದೆ ಮಗನ ತಲೆ ತರಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆಯನ್ನು ಅರಸನಿಗೆ ಒಪ್ಪಿಸುತ್ತಾನೆ. ಸ್ಟಿತ್ ಥಾಂಪ್ಸನ್‌ನ ಆಶಯ ಸೂಚಿಯಲ್ಲಿ ಮಲತಾಯಿಯ ದೂರು ಕೆ 2111ರ ಅಡಿಯಲ್ಲಿಯೂ ಕರುಣಾಳು ವಧಕಾರನ ಪ್ರಸಂಗ ಕೆ 512ರ ಅಡಿಯಲ್ಲಿಯೂ ಬರುತ್ತವೆ. ಮುಂದೆ ದೆಹಲಿಯ ಸೇನೆ ಮುತ್ತಿದಾಗ ‘ಸತ್ತ’ ರಾಮನು ಹೊರಬಂದು ಹೋರಾಡುತ್ತಾನೆ. ಕೊನೆಯ ಯುದ್ಧದಲ್ಲಿ ಅವನ ತಲೆ ನಿಜವಾಗಿಯೇ ಬೀಳುತ್ತದೆ.

ಕ್ರಿಸ್ಟಿಯ ಕಾದಂಬರಿಯಲ್ಲಿ ಹತ್ತು ಮಂದಿ ಡೆವನ್ ತೀರದ ದ್ವೀಪವೊಂದಕ್ಕೆ ಬಂದು ಸೇರುತ್ತಾರೆ. ಕಾನೂನಿಗೆ ಸಿಕ್ಕದ ಸಾವುಗಳಿಗೆ ಅವರೆಲ್ಲರೂ ಹೊಣೆಗಾರರೆಂದು ಗ್ರಾಮಫೋನ್ ಮುದ್ರಿಕೆಯೊಂದು ಆಪಾದಿಸುತ್ತದೆ. ಬಳಿಕ ಮಕ್ಕಳ ಎಣಿಕೆ ಪದ್ಯವೊಂದರ ಕ್ರಮದಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಆರನೆಯವನಾಗಿ ನ್ಯಾಯಾಧೀಶ ವಾರ್‌ಗ್ರೇವ್ ಸತ್ತನೆಂದು ವೈದ್ಯ ಆರ್ಮ್‌ಸ್ಟ್ರಾಂಗ್ ಘೋಷಿಸುತ್ತಾನೆ. ಅದು ಹುಸಿ ಸಾವು. ಕೊಲೆಗಾರನೇ ಆ ನ್ಯಾಯಾಧೀಶ.

ಎರಡೂ ಕಥನಗಳಲ್ಲಿ ವಿಶ್ವಾಸಾರ್ಹನಾದ ಅಧಿಕಾರಿಯೊಬ್ಬನ ಮಾತೇ ಸಾವಿಗೆ ಪ್ರಮಾಣ: ಅಲ್ಲಿ ಮಂತ್ರಿ, ಇಲ್ಲಿ ವೈದ್ಯ. ಆದರೆ ಆಶಯದ ದಿಕ್ಕು ತಿರುವುಮುರುವಾಗಿದೆ. ಕಂಪ್ಲಿಯಲ್ಲಿ ಆಜ್ಞೆಯನ್ನು ಮುರಿದವನು ಜೀವ ಉಳಿಸುತ್ತಾನೆ. ದ್ವೀಪದಲ್ಲಿ ನ್ಯಾಯದ ಹೆಸರು ಹೇಳುವವನು ಜೀವ ತೆಗೆಯುತ್ತಾನೆ. ಕೇಳುಗನ ಅರಿವೂ ಭಿನ್ನ. ಸಾಂಗತ್ಯದ ಕೇಳುಗನಿಗೆ ರಾಮನು ಬದುಕಿರುವುದು ಗೊತ್ತು, ಗೊತ್ತಿಲ್ಲದವನು ಅರಸ. ಆದ್ದರಿಂದ ಅಲ್ಲಿನ ಕುತೂಹಲ ‘ಕೊಂದವರಾರು’ ಎಂಬುದಲ್ಲ, ‘ಕೊಲ್ಲಿಸಿದವನು ತನ್ನ ತಪ್ಪನ್ನು ಎಂದು ಅರಿತಾನು’ ಎಂಬುದು. ಕ್ರಿಸ್ಟಿಯ ಓದುಗನಾದರೋ ಕೊನೆಯ ಪುಟಗಳವರೆಗೆ ಆ ಅರಸನಂತೆಯೇ ಕತ್ತಲೆಯಲ್ಲಿರುತ್ತಾನೆ.

ರೂಪಾಂತರಗಳ ಸಮಸ್ಯೆ ಇಲ್ಲಿಂದ ಆರಂಭವಾಗುತ್ತದೆ. ಕಾದಂಬರಿಯಲ್ಲಿ ಹತ್ತೂ ಮಂದಿ ಸಾಯುತ್ತಾರೆ. ಸತ್ಯವು ಸೀಸೆಯೊಳಗಿಟ್ಟು ಕಡಲಿಗೆಸೆದ ಪತ್ರದಿಂದ ಹೊರಬೀಳುತ್ತದೆ. 1943ರಲ್ಲಿ ಕ್ರಿಸ್ಟಿಯೇ ಬರೆದ ರಂಗರೂಪದಲ್ಲಿ ವೀರಾ ಮತ್ತು ಲೊಂಬಾರ್ಡ್ ಬದುಕಿ ಒಂದಾಗುತ್ತಾರೆ. ಎಣಿಕೆ ಪದ್ಯಕ್ಕೆ ಎರಡು ಮುಕ್ತಾಯಗಳಿದ್ದುದು ಇದಕ್ಕೆ ಆಧಾರವಾಯಿತು: ಒಂದರಲ್ಲಿ ಕೊನೆಯವನು ನೇಣು ಹಾಕಿಕೊಳ್ಳುತ್ತಾನೆ, ಇನ್ನೊಂದರಲ್ಲಿ ಮದುವೆಯಾಗುತ್ತಾನೆ. ಜಾನಪದ ಪಾಠಾಂತರವೊಂದು ಕಥೆಯ ಗತಿಯನ್ನೇ ಬದಲಿಸಿದ ಅಪೂರ್ವ ನಿದರ್ಶನವಿದು. ರೆನೆ ಕ್ಲೇರ್‌ನ 1945ರ ಚಲನಚಿತ್ರವೂ ಜಾರ್ಜ್ ಪೊಲಾಕ್‌ನ 1965ರ ಚಿತ್ರವೂ ಈ ಸುಖಾಂತವನ್ನೇ ಅನುಸರಿಸಿದವು.

ಮೇಲುನೋಟಕ್ಕೆ ಇದು ಪ್ರೇಕ್ಷಕರ ಅಭಿರುಚಿಗಾಗಿ ಮಾಡಿದ ಬದಲಾವಣೆ. ಪರಿಣಾಮ ಮಾತ್ರ ಗಂಭೀರವಾದುದು. ಉಳಿಯುವ ಇಬ್ಬರನ್ನು ನಿರಪರಾಧಿಗಳೆಂದು ತೋರಿಸಬೇಕಾಗುತ್ತದೆ. ತನ್ನ ವಶದಲ್ಲಿದ್ದ ಮಗುವನ್ನು ಸಾಯಗೊಟ್ಟ ಕಾದಂಬರಿಯ ವೀರಾ ಹೀಗೆ ದೋಷಮುಕ್ತಳಾಗುತ್ತಾಳೆ. ಆಗ ಕಾದಂಬರಿಯ ಮೂಲಪ್ರಶ್ನೆ, ಅಂದರೆ ಕಾನೂನು ಮುಟ್ಟಲಾರದ ಅಪರಾಧದ ಭಾರವನ್ನು ಹೊರುವವರಾರು ಎಂಬುದು, ಕರಗಿಹೋಗುತ್ತದೆ. ಇದೇ ಕಾದಂಬರಿಯ ನೆರಳಿರುವ, ರಾಜಾ ನವಾಥೆ ನಿರ್ದೇಶನದ ಹಿಂದಿಯ ‘ಗುಮ್‌ನಾಮ್’ (1965) ಹಾಡು, ಹಾಸ್ಯ, ಪ್ರಣಯಗಳಿಗೆ ಎಡೆಕೊಟ್ಟು ಈ ಪ್ರಶ್ನೆಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿತು. ಸ್ಟಾನಿಸ್ಲಾವ್ ಗೊವರೂಹಿನ್‌ನ 1987ರ ಸೋವಿಯತ್ ಚಿತ್ರ ಹಾಗೂ ಬಿಬಿಸಿಯ 2015ರ ಮೂರು ಕಂತುಗಳ ಧಾರಾವಾಹಿ ಮೂಲದ ದುರಂತವನ್ನು ಮರಳಿ ತಂದವು. ಧಾರಾವಾಹಿಯಲ್ಲಿ ನೇಣಿನ ಬಳಿಯಿರುವ ವೀರಾಳೆದುರು ನ್ಯಾಯಾಧೀಶನೇ ಬಂದು ನಿಲ್ಲುತ್ತಾನೆ. ಕಾದಂಬರಿಯಲ್ಲಿ ಪತ್ರ ಹೇಳಿದುದನ್ನು ಇಲ್ಲಿ ಮುಖಾಮುಖಿಯೇ ಹೇಳುತ್ತದೆ. ಸೀಸೆಯ ಪತ್ರವಿಲ್ಲದಿದ್ದರೂ ಈ ರೂಪ ಮೂಲಕ್ಕೆ ಹೆಚ್ಚು ಸಮೀಪವಾಗಿದೆ. ಏಕೆಂದರೆ ಅಪರಾಧದ ಭಾರ ಇಲ್ಲಿ ಇಳಿದಿಲ್ಲ.

ಕುಮಾರರಾಮನ ಕಥನವೂ ಸಾಂಗತ್ಯದಿಂದ ಬಯಲಾಟಕ್ಕೆ, ಅಲ್ಲಿಂದ ಬೆಳ್ಳಿತೆರೆಗೆ ಸಾಗಿದೆ. ಎಚ್.ಆರ್. ಭಾರ್ಗವ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ 2006ರಲ್ಲಿ ತೆರೆಕಂಡಿತು. ಆದರೆ ಈ ಕಥೆಯಲ್ಲಿ ಕಾಪಾಡಬೇಕಾದ ಗುಟ್ಟೆಂಬುದಿಲ್ಲ. ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಕಥೆ ಬಲ್ಲವನು ಮುಗಿವನ್ನೂ ಬಲ್ಲ. ಸಂಡೂರಿನ ರಾಮನಮಲೆಯಲ್ಲಿ ರಾಮನು ದೈವವಾಗಿ ನೆಲೆಗೊಂಡಿದ್ದಾನೆ. ಹುಸಿ ತಲೆಯ ಪ್ರಸಂಗಕ್ಕೆ ಅರ್ಥ ಬರುವುದು ಮುಂದೆ ಬೀಳುವ ನಿಜವಾದ ತಲೆಯಿಂದ. ಅದನ್ನು ತಪ್ಪಿಸಿ ರಾಮನನ್ನು ಬದುಕಿಸಿದರೆ ಆಟವೂ ಉಳಿಯದು, ಆರಾಧನೆಯೂ ಉಳಿಯದು.

ಹೀಗೆ ರೂಪಾಂತರದ ನಿಷ್ಠೆಯನ್ನು ಸನ್ನಿವೇಶಗಳ ಹೊಂದಾಣಿಕೆಯಿಂದ ಅಳೆಯುವುದು ಸಾಲದು. ಹುಸಿ ಸಾವು ಯಾರನ್ನು ಕಾಯುತ್ತದೆ, ಯಾರನ್ನು ಮರೆಮಾಡುತ್ತದೆ, ಅದರ ಋಣವನ್ನು ಕೊನೆಗೆ ಯಾರು ತೀರಿಸುತ್ತಾರೆ ಎಂಬುದೇ ಒರೆಗಲ್ಲು. ಈ ಒರೆಗಲ್ಲಿನ ಮುಂದೆ ಸಾಂಗತ್ಯಕ್ಕೂ ಒಂದು ಪ್ರಶ್ನೆ ಉಳಿಯುತ್ತದೆ: ರಾಮನಿಗೆ ಬದಲಾಗಿ ಅರಸನ ಮುಂದಿಟ್ಟ ಆ ತಲೆಯ ಲೆಕ್ಕವನ್ನು ಕೇಳಿದವರಾರು? ಬೈಚಪ್ಪನ ಕರುಣೆಯನ್ನು ಕೊಂಡಾಡುವಾಗ ಆ ಬದಲಿ ತಲೆಯೂ ಅಧ್ಯಯನದ ಕಣ್ಣಿಗೆ ಬೀಳಬೇಕಾಗಿದೆ.