ಗಸ್ ಸೀಸರ್ ಎಡವಿದ ಕ್ಷಣ

2011ರ ಆಗಸ್ಟ್ 28ರ ರಾತ್ರಿ ಟಿವಿಯ ಮುಂದೆ ಕೂತು 19 ವರ್ಷದ ಹುಡುಗನೊಬ್ಬನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ನನ್ನ ಆರ್ಸೆನಲ್ 8-2ರಿಂದ ಸೋತ ರಾತ್ರಿ ಅದು. 1896ರಲ್ಲಿ ಲಫ್‌ಬರೋ ಟೌನ್ ತಂಡಕ್ಕೆ ಎಂಟು ಗೋಲು ಬಿಟ್ಟುಕೊಟ್ಟ ಮೇಲೆ ಈ ಕ್ಲಬ್ ಅಂಥ ಅವಮಾನ ಕಂಡಿರಲಿಲ್ಲ. ಆ ಹುಡುಗನ ಹೆಸರು ಕಾರ್ಲ್ ಜೆಂಕಿನ್ಸನ್. ಅದೇ ಬೇಸಿಗೆಯಲ್ಲಿ ಚಾರ್ಲ್‌ಟನ್‌ನಿಂದ ಬಂದಿದ್ದ ರೈಟ್ ಬ್ಯಾಕ್. ಎರಡನೆಯ ಹಳದಿ ಕಾರ್ಡ್ ಕಂಡು ಅವನು ತಲೆ ತಗ್ಗಿಸಿ ಹೊರಟಾಗ, ಸದ್ಯ ಒಂದು ತೂತು ಮುಚ್ಚಿತು ಎಂದು ನಾನು ಅಂದದ್ದು ಈಗಲೂ ನೆನಪಿದೆ.

ನಿಕ್ ಹಾರ್ನ್‌ಬಿಯ ‘ಫೀವರ್ ಪಿಚ್’ ಓದಿದ್ದು ಆಮೇಲೆ. 1992ರಲ್ಲಿ ಬಂದ ಈ ಪುಸ್ತಕ ಫುಟ್ಬಾಲ್ ಅಭಿಮಾನಿಯೊಬ್ಬನ ಆತ್ಮಕಥನ. ತಂದೆತಾಯಿ ಬೇರೆಯಾದ ಹೊತ್ತಿನಲ್ಲಿ, 1968ರಲ್ಲಿ, ಹುಡುಗನನ್ನು ಅಪ್ಪ ಹೈಬರಿಗೆ ಕರೆದೊಯ್ಯುತ್ತಾನೆ. ಆರ್ಸೆನಲ್ ಸ್ಟೋಕ್ ಸಿಟಿಯನ್ನು 1-0ಯಿಂದ ಸೋಲಿಸುತ್ತದೆ. ಅಲ್ಲಿಂದ ಮುಂದೆ ಬದುಕಿನ ಲೆಕ್ಕವೆಲ್ಲ ಪಂದ್ಯಗಳ ಲೆಕ್ಕ. ಅಧ್ಯಾಯಗಳಿಗೆ ಹೆಸರಿನ ಜೊತೆಗೆ ಎದುರಾಳಿ ತಂಡ ಮತ್ತು ತಾರೀಖು. ಮನೆ, ಪ್ರೇಮ, ಕೆಲಸ, ಖಿನ್ನತೆ ಎಲ್ಲವೂ ಆ ತಾರೀಖುಗಳ ಸಂದಿಯಲ್ಲಿ ಸುಳಿದು ಹೋಗುತ್ತವೆ. ಅಭಿಮಾನಿಯ ಗೊಣಗಾಟವೂ ಸಾಹಿತ್ಯವಾಗಬಲ್ಲದು ಎಂದು ನನ್ನನ್ನು ಒಪ್ಪಿಸಿದ ಪುಸ್ತಕ ಇದು.

ಇದರಲ್ಲಿ ಎಲ್ಲರೂ ಮೆಚ್ಚುವ ಒಂದು ಭಾಗ ಗಸ್ ಸೀಸರ್ ಎಂಬ ಡಿಫೆಂಡರ್‌ನದು. ನನ್ನ ತಕರಾರು ಇರುವುದು ಅದರ ಬಗ್ಗೆಯೇ.

1988ರ ಏಪ್ರಿಲ್ 24, ವೆಂಬ್ಲಿ, ಲೀಗ್ ಕಪ್ ಫೈನಲ್. ಲೂಟನ್ ಟೌನ್ ಎದುರು ಆರ್ಸೆನಲ್ 2-1ರಿಂದ ಮುಂದಿದೆ. ವಿಂಟರ್‌ಬರ್ನ್ ಹೊಡೆದ ಪೆನಾಲ್ಟಿಯನ್ನು ಲೂಟನ್‌ನ ಗೋಲ್‌ಕೀಪರ್ ತಡೆಯುತ್ತಾನೆ. ಕೆಲವೇ ನಿಮಿಷಗಳಲ್ಲಿ, ಗಾಯಗೊಂಡ ಓಲಿಯರಿಯ ಜಾಗದಲ್ಲಿ ಆಡುತ್ತಿದ್ದ ಸೀಸರ್ ತನ್ನ ಪೆನಾಲ್ಟಿ ಆವರಣದಲ್ಲೇ ಚೆಂಡನ್ನು ಹೊರಗಟ್ಟಲು ಹೋಗಿ ಎಡವುತ್ತಾನೆ. ಲೂಟನ್ ಸಮ ಮಾಡುತ್ತದೆ, ಕೊನೆಗೆ 3-2ರಿಂದ ಗೆಲ್ಲುತ್ತದೆ. ಹಾರ್ನ್‌ಬಿ ಸೀಸರ್‌ನನ್ನು ಹಂಗಿಸುವುದಿಲ್ಲ. ಅವನ ಪ್ರಶ್ನೆ ಬೇರೆ: ಶಾಲೆಯಲ್ಲಿ, ಊರಿನಲ್ಲಿ, ತನ್ನ ಓರಗೆಯ ಸಾವಿರಾರು ಹುಡುಗರಲ್ಲಿ ಮಿಗಿಲಾಗಿದ್ದು, ಇಂಗ್ಲೆಂಡಿನ 21ರ ಒಳಗಿನವರ ತಂಡಕ್ಕೂ ಆಡಿದವನು, ಕೊನೆಯ ಒಂದು ಮೆಟ್ಟಿಲಿಗೆ ಸಾಲದೆ ಹೋದರೆ ಏನರ್ಥ? ಮೊದಲ ಹಸ್ತಪ್ರತಿ ಕಳಿಸಿ ಕಾಯುವ ಬರಹಗಾರನ ಆತ್ಮವಿಶ್ವಾಸಕ್ಕೂ ಇದೇ ಗತಿ ಬರಬಹುದಲ್ಲ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಬರೆಯುವ ಆಸೆಯಿರುವ ಯಾರಿಗಾದರೂ ಎದೆ ಝಲ್ಲೆನ್ನುವ ಮಾತು.

ಆದರೂ ಈ ದೃಷ್ಟಾಂತ ಡಿಫೆಂಡರ್‌ಗೆ ಸಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ. ಬರಹಗಾರ ಒಬ್ಬನೇ ಬರೆಯುತ್ತಾನೆ, ಒಬ್ಬನೇ ಸೋಲುತ್ತಾನೆ. ಸ್ಟ್ರೈಕರ್‌ನ ಆಟವೂ ಬಹುಪಾಲು ಹಾಗೆಯೇ. ಗೋಲಿಗೆ ಒಬ್ಬ ಕರ್ತೃ ಇರುತ್ತಾನೆ, ಅವನ ಹೆಸರು ಫಲಕದ ಮೇಲೆ ಬರುತ್ತದೆ. ಡಿಫೆನ್ಸ್ ಹಾಗಲ್ಲ. ಆಫ್‌ಸೈಡ್ ಗೆರೆ ಹಿಡಿಯುವ ನಾಲ್ವರಲ್ಲಿ ಒಬ್ಬ ಎರಡು ಹೆಜ್ಜೆ ಹಿಂದುಳಿದರೆ ಉಳಿದ ಮೂವರೂ ತಪ್ಪಿದಂತೆಯೇ. ನಮ್ಮ ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿಯ ಹಾಗೆ. ವ್ಯತ್ಯಾಸವೆಂದರೆ, ಕಬಡ್ಡಿಯಲ್ಲಿ ಹಿಡಿದವರಿಗೆ ಅಂಕ ಸಿಗುತ್ತದೆ. ಫುಟ್ಬಾಲಿನಲ್ಲಿ ತಡೆದವರಿಗೆ ಸಿಗುವುದು ‘ಏನೂ ಆಗಲಿಲ್ಲ’ ಎಂಬುದಷ್ಟೇ. ಏನೂ ಆಗದ್ದನ್ನು ಕಥೆ ಮಾಡುವುದು ಕಷ್ಟ. ಆದ್ದರಿಂದಲೇ ಡಿಫೆಂಡರ್ ನಮ್ಮ ಕಥೆಯೊಳಗೆ ಬರುವುದು ಎಡವಿದಾಗ ಮಾತ್ರ. ಹಾರ್ನ್‌ಬಿಯಂಥ ಸೂಕ್ಷ್ಮ ಲೇಖಕನಿಗೂ ಸೀಸರ್ ಕಂಡದ್ದು ಎಡವಿದ ಮೇಲೆ, ಒಂಟಿಯಾಗಿ.

ಆರ್ಸೆನಲ್ ಅದೇ ಬೇಸಿಗೆಯಲ್ಲಿ ಸ್ಟೀವ್ ಬೋಲ್ಡ್‌ನನ್ನು ತಂದಿತು. ಡಿಕ್ಸನ್, ಆಡಮ್ಸ್, ಬೋಲ್ಡ್, ವಿಂಟರ್‌ಬರ್ನ್ ಎಂಬ ನಾಲ್ವರ ಸಾಲು ಗಟ್ಟಿಯಾಯಿತು. 1990-91ರ ಲೀಗ್‌ನಲ್ಲಿ 38 ಪಂದ್ಯಗಳಿಗೆ ಬಿಟ್ಟುಕೊಟ್ಟದ್ದು ಬರೀ 18 ಗೋಲು. ಸೀಸರ್ 1991ರಲ್ಲಿ ಕ್ಲಬ್ ಬಿಟ್ಟ. ‘ಫೀವರ್ ಪಿಚ್’ ಬರೆದದ್ದು ಆ ಗಟ್ಟಿ ಗೋಡೆಯ ಈಚೆ ಕೂತು. ದುಃಖವನ್ನೂ ಹಗುರವಾಗಿ ಹೇಳುವ ಅದರ ಧಾಟಿಗೆ ಆ ಗೋಡೆಯ ಭರವಸೆಯೂ ಒಂದು ಕಾರಣ ಇರಬೇಕು. 2011-12ರಲ್ಲಿ 49 ಗೋಲು ತಿಂದ ತಂಡದ ಅಭಿಮಾನಿಗೆ ಆ ಸೌಲಭ್ಯ ಇರಲಿಲ್ಲ.

ಹಾರ್ನ್‌ಬಿಗೆ ಉತ್ತರ ಕೊಟ್ಟವನು ಇನ್ನೊಬ್ಬ ಡಿಫೆಂಡರ್. 2011ರ ಫೆಬ್ರವರಿ 27. ಅದೇ ಲೀಗ್ ಕಪ್ ಫೈನಲ್, ಅದೇ ವೆಂಬ್ಲಿ. ಬರ್ಮಿಂಗ್‌ಹ್ಯಾಮ್ ಎದುರು 1-1. ಕೊನೆಯ ನಿಮಿಷಗಳಲ್ಲಿ ಲೊರಾಂ ಕೊಶಿಯೆಲ್ನಿ ಮತ್ತು ಗೋಲ್‌ಕೀಪರ್, ನೀನು ಹಿಡಿ ಎಂದು ಇವನು, ನೀನು ಹೊಡಿ ಎಂದು ಅವನು, ಚೆಂಡನ್ನು ಬಿಟ್ಟರು. ಮಾರ್ಟಿನ್ಸ್ ಖಾಲಿ ಗೋಲಿಗೆ ತಳ್ಳಿದ. ಆರು ತಿಂಗಳ ನಂತರ 8-2ರ ಪಂದ್ಯದಲ್ಲೂ ಕೊಶಿಯೆಲ್ನಿ ಇದ್ದ. ಆ ವರ್ಷ ಅವನ ಕಥೆ ಬರೆದಿದ್ದರೆ ಅದು ಎರಡನೆಯ ಗಸ್ ಸೀಸರ್ ಕಥೆಯೇ ಆಗುತ್ತಿತ್ತು. ಆದರೆ ಅವನನ್ನು ಉಳಿಸಿಕೊಂಡರು, ಪಕ್ಕದಲ್ಲಿ ಮೆರ್ಟೆಸಾಕರ್‌ನಂಥ ನಿಧಾನಸ್ಥ, ಲೆಕ್ಕಾಚಾರದ ಜೊತೆಗಾರ ಬಂದ. 2012-13ರ ಲೀಗ್‌ನ ಕೊನೆಯ ಪಂದ್ಯದಲ್ಲಿ ನ್ಯೂಕ್ಯಾಸಲ್ ಎದುರು ಏಕೈಕ ಗೋಲು ಹೊಡೆದವನು ಕೊಶಿಯೆಲ್ನಿ. 2014ರ ಎಫ್‌ಎ ಕಪ್ ಫೈನಲ್‌ನಲ್ಲಿ ಹಲ್ ಸಿಟಿ ಎದುರು 2-2 ಮಾಡಿ, ಒಂಬತ್ತು ವರ್ಷಗಳ ನಂತರದ ಮೊದಲ ಕಪ್ಪಿಗೆ ದಾರಿ ಮಾಡಿದವನೂ ಅವನೇ.

ಕೊಶಿಯೆಲ್ನಿಗೆ ಪ್ರತಿಭೆ ಇತ್ತು, ಸೀಸರ್‌ಗೆ ಸಾಲಲಿಲ್ಲ, ಅಷ್ಟೇ ಎನ್ನಬಹುದು. ಇರಬಹುದು. ಆದರೆ ತಪ್ಪು ನಡೆದ ಆ ಎರಡು ಸಂಜೆಗಳಲ್ಲಿ ಕೂತು ನೋಡಿದವರಿಗೆ ಈ ವ್ಯತ್ಯಾಸ ಕಾಣುವಂತಿರಲಿಲ್ಲ. ಕಂಡದ್ದು ಇಷ್ಟು: ಒಬ್ಬ ತಪ್ಪಿದ. ಉಳಿದದ್ದನ್ನು ನಾವು ಸೇರಿಸಿದೆವು.

ಜೆಂಕಿನ್ಸನ್ ಬಗ್ಗೆ ಒಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಅವನು ಚಿಕ್ಕಂದಿನಿಂದ ಆರ್ಸೆನಲ್ ಅಭಿಮಾನಿ. ಅಂದರೆ ಆ ರಾತ್ರಿ ತೂತಾದ ಸಾಲಿನಲ್ಲಿ ನಿಂತವನೂ ನಮ್ಮವನೇ. ನನ್ನಷ್ಟೇ ನೊಂದು, ನನಗಿಂತ ಸಾವಿರ ಪಾಲು ಹೆಚ್ಚು ಓಡಿದವನು. ಸಾನ್ಯಾ, ವರ್ಮಾಲೆನ್, ಗಿಬ್ಸ್ ಇಲ್ಲದ ದಿನ ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂದು ಕೇಳುವ ಬದಲು ನಾನು ಅವನನ್ನೇ ಕೇಳುತ್ತಿದ್ದೆ. ಡಿಫೆನ್ಸ್ ಹದಗೆಟ್ಟಾಗ ಈಗಲೂ ಸಿಟ್ಟು ಬರುತ್ತದೆ, ಬೈಗುಳವೂ ಬಾಯಿಗೆ ಬರುತ್ತದೆ. ಗೋಲು ಬಿದ್ದ ಮೇಲೆ ರೀಪ್ಲೇಯಲ್ಲಿ ಚೆಂಡನ್ನು ಬಿಟ್ಟು ಉಳಿದ ಮೂವರು ಎಲ್ಲಿದ್ದರು ಎಂದು ನೋಡುವುದನ್ನು ಮಾತ್ರ ಕಲಿತಿದ್ದೇನೆ.